ಹಾಲ್‌ನ ಟ್ಯೂಬ್‌ಲೈಟೂ ಚಿನ್ನಿಯ ಮೊಟ್ಟೆಗಳೂ

ನಮ್ಮ ಚಿನ್ನಿ ಹೆಣ್ಣು ಕಾಕಟೀಲ್, ಅಂದರೆ ತಲೆ ಮೇಲೆ ಜುಟ್ಟಿರುವ ಒಂದು ಪುಟ್ಟ ಸಾಕು ಗಿಳಿ. ಒಂಟಿ ಹಕ್ಕಿ, ಜೊತೆಗೆ ಗಂಡಿಲ್ಲ. ಆದರೂ ಕಳೆದ ವರ್ಷ ದಿನ ಬಿಟ್ಟು ದಿನ ಒಂದೊಂದರಂತೆ ಐದು ಮೊಟ್ಟೆ ಇಟ್ಟಳು. ಸ್ವಲ್ಪ ದಿನಕ್ಕೇ ಮತ್ತೆ ನಾಲ್ಕು. ಮೂರನೇ ಸಲ ಶುರುವಾದಾಗ ಪಂಜರದ ಮೂಲೆಯಲ್ಲಿ ಪುಕ್ಕ ಉಬ್ಬಿಸಿಕೊಂಡು ಸುಮ್ನೆ ಕೂತಿದ್ದಳು, ಮೊಟ್ಟೆ ಮುಟ್ಟಿದರೆ ಚಿಪ್ಪು ಮೆತ್ತಗಿತ್ತು. ಹೆದರಿ ಡಾಕ್ಟರ್ ಹತ್ತಿರ ಓಡಿದೆವು. ಅವರು ಮೊದಲು ಕೇಳಿದ್ದು ಊಟದ ವಿಷಯ ಅಲ್ಲ. "ರಾತ್ರಿ ಲೈಟ್ ಎಷ್ಟೊತ್ತಿಗೆ ಆರಿಸ್ತೀರಾ?"

ಪಂಜರ ಇದ್ದದ್ದು ಹಾಲ್‌ನಲ್ಲಿ, ಟಿವಿ ಪಕ್ಕ. ಬೆಳಿಗ್ಗೆ ಐದೂವರೆಗೆ ಅಮ್ಮ ಎದ್ದು ಲೈಟ್ ಹಾಕಿದರೆ ಅದು ಆರುವುದು ರಾತ್ರಿ ಹನ್ನೊಂದಕ್ಕೆ. ಅಂದರೆ 17 ಗಂಟೆಗೂ ಜಾಸ್ತಿ ಬೆಳಕು! ಮೊಟ್ಟೆ ಕೋಳಿ ಫಾರ್ಮ್‌ಗಳಲ್ಲಿ ದಿನಕ್ಕೆ 16 ಗಂಟೆ ಬೆಳಕು ಕೊಡುವುದು ಕೋಳಿ ಬಿಡದೆ ಮೊಟ್ಟೆ ಇಡಲಿ ಅಂತಲೇ ಅಲ್ವಾ? ಹಕ್ಕಿಗಳಿಗೆ ಬೆಳಕು ಕಣ್ಣಿನಿಂದ ಮಾತ್ರ ತಿಳಿಯುವುದಲ್ಲ, ತಲೆಬುರುಡೆ ದಾಟಿ ನೇರ ಮೆದುಳಿಗೂ ಮುಟ್ಟುತ್ತದೆ. ಹಗಲು ಉದ್ದವಾದರೆ ಮರಿ ಮಾಡುವ ಕಾಲ ಬಂತು ಅಂತ ಮೈ ತಯಾರಾಗುತ್ತದೆ. ಚಿಪ್ಪಿಗೆ ಬೇಕಾದ ಕ್ಯಾಲ್ಸಿಯಂ ಸಾಲದೆ ಹೋದರೆ ಮೂಳೆಯಿಂದ ಹೋಗುತ್ತದೆ, ಕೊನೆಗೆ ಮೊಟ್ಟೆ ಹೊಟ್ಟೆಯಲ್ಲೇ ಸಿಕ್ಕಿಕೊಂಡು ಹಕ್ಕಿ ಸಾಯಲೂಬಹುದು. ಇದನ್ನು ಕೇಳಿದ ದಿನ ನನಗೆ ಊಟ ಸೇರಲಿಲ್ಲ.

ಅವತ್ತೇ ಪಂಜರ ಹಿಂದಿನ ರೂಮಿಗೆ ಹೋಯಿತು. ಸಂಜೆ ಏಳರಿಂದ ಬೆಳಿಗ್ಗೆ ಏಳರವರೆಗೆ ಕತ್ತಲೆ, ಸದ್ದಿಲ್ಲ. ಪೂರ್ತಿ 12 ಗಂಟೆ. ಪಂಜರದಲ್ಲಿದ್ದ ಕನ್ನಡಿಯನ್ನೂ ತೆಗೆದೆವು, ಅದರಲ್ಲಿ ಕಾಣುವ ಹಕ್ಕಿಯನ್ನೇ ಜೊತೆ ಅಂದುಕೊಳ್ಳುತ್ತವಂತೆ.

ಒಂದು ತಪ್ಪು ಮಾಡಿದೆ. ಒಂದು ಚೂರೂ ಬೆಳಕು ಬರಬಾರದು ಅಂತ ದಪ್ಪ ಬೆಡ್‌ಶೀಟ್ ಸುತ್ತಲೂ ಮುಚ್ಚಿದ್ದೆ. ಮೂರನೇ ರಾತ್ರಿ ಎರಡು ಗಂಟೆಗೆ ಪಟಪಟ ಸದ್ದು. ಓಡಿಹೋಗಿ ನೋಡಿದರೆ ಚಿನ್ನಿ ಗಾಬರಿಯಲ್ಲಿ ಸರಳಿಗೆ ಬಡಿದುಕೊಂಡು ರೆಕ್ಕೆಯ ಹೊಸ ಗರಿ ಮುರಿದು ರಕ್ತ ಸುರಿಸುತ್ತಿದ್ದಳು. ಕಾಕಟೀಲ್‌ಗಳಿಗೆ ರಾತ್ರಿ ಹೀಗೆ ಬೆಚ್ಚಿಬೀಳುವುದು ಬೇರೆ ಹಕ್ಕಿಗಳಿಗಿಂತ ಜಾಸ್ತಿ. ಕತ್ತಲಲ್ಲಿ ಕೂರುವ ಕೋಲು ಎಲ್ಲಿದೆ ಅಂತ ಅವಕ್ಕೆ ಕಾಣುವುದಿಲ್ಲ. ಈಗ ರೂಮಿನ ದೂರದ ಮೂಲೆಯಲ್ಲಿ ಒಂದು ಜೀರೋ ಕ್ಯಾಂಡಲ್ ಬಲ್ಬ್, ಬಟ್ಟೆ ಮೂರೇ ಕಡೆ.

ಇನ್ನು ಬಿಸಿಲು. ಕಿಟಕಿ ಪಕ್ಕ ಇಟ್ಟರೆ ಸಾಕು ಅಂತ ನಾನೂ ನಂಬಿದ್ದೆ. ಆದರೆ ವಿಟಮಿನ್ ಡಿ ಆಗಲು ಬೇಕಾದ ಕಿರಣ ಗಾಜು ದಾಟಿ ಬರುವುದಿಲ್ಲ, ಆ ವಿಟಮಿನ್ ಇಲ್ಲದೆ ಕ್ಯಾಲ್ಸಿಯಂ ಎಷ್ಟು ಕೊಟ್ಟರೂ ಮೈಗೆ ಹತ್ತುವುದಿಲ್ಲ. ಅದಕ್ಕೇ ಬೆಳಿಗ್ಗೆ ಎಂಟರ ಹೊತ್ತಿಗೆ ಪಂಜರವನ್ನು ಬಾಲ್ಕನಿಗೆ ತರುತ್ತೇವೆ. ಅರ್ಧ ಭಾಗ ನೆರಳಿರಲೇಬೇಕು, ಬಿಸಿ ಆದರೆ ಅವಳು ಆ ಕಡೆ ಸರಿಯಬೇಕಲ್ಲ. ಕಾಗೆ, ಬೆಕ್ಕಿನ ಭಯಕ್ಕೆ ಅಮ್ಮ ಸೊಪ್ಪು ಬಿಡಿಸುತ್ತಾ ಪಕ್ಕದಲ್ಲೇ ಕೂರುತ್ತಾರೆ.

ಆರು ತಿಂಗಳಾಯಿತು, ಮೊಟ್ಟೆ ಇಟ್ಟಿಲ್ಲ. ಸಂಜೆ ಏಳಾಗುತ್ತಿದ್ದಂತೆ ತಾನೇ ಮೇಲಿನ ಕೋಲಿಗೆ ಹತ್ತಿ ಒಂದು ಕಾಲು ಮಡಚಿಕೊಳ್ಳುತ್ತಾಳೆ. ನಿದ್ದೆ ಬರುವ ಮುಂಚೆ ಕೊಕ್ಕು ಮಸೆಯುವ ಕಿರ್‌ಕಿರ್ ಸದ್ದು ಬಾಗಿಲ ಹೊರಗೂ ಕೇಳುತ್ತದೆ. ಹಾಲ್‌ನಲ್ಲಿ ಇದ್ದಷ್ಟು ದಿನ ಆ ಸದ್ದು ನಾವು ಕೇಳಿಯೇ ಇರಲಿಲ್ಲ.