ರೋಗಿಯ ಪತ್ರದಲ್ಲಿ ಎರಡು ಭೂತಕಾಲಗಳು

ದಾವಣಗೆರೆಯ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿರುವ ನನ್ನ ತಂಗಿಯ ಮಗಳು ಬ್ರಿಟನ್ನಿಗೆ ಹೋಗುವ ಸಲುವಾಗಿ ಆಕ್ಯುಪೇಷನಲ್ ಇಂಗ್ಲಿಷ್ ಟೆಸ್ಟ್, ಅಂದರೆ ಎಲ್ಲರೂ ಓಇಟಿ ಎಂದು ಕರೆಯುವ ಪರೀಕ್ಷೆಗೆ ತಯಾರಿ ನಡೆಸಿದ್ದಾಳೆ. ಅದರ ಬರವಣಿಗೆಯ ವಿಭಾಗದಲ್ಲಿ ರೋಗಿಯೊಬ್ಬರ ವಿವರಗಳನ್ನು ತುಂಡು ತುಂಡು ಟಿಪ್ಪಣಿಗಳಾಗಿ ಕೊಟ್ಟಿರುತ್ತಾರೆ. ಅವನ್ನು ಓದಿ, ಬೇಕಾದದ್ದನ್ನು ಆರಿಸಿಕೊಂಡು, 45 ನಿಮಿಷಗಳೊಳಗೆ ಸುಮಾರು 180ರಿಂದ 200 ಪದಗಳ ಪತ್ರವನ್ನು ಬರೆದು ಮುಗಿಸಬೇಕು. ಟಿಪ್ಪಣಿಗಳಲ್ಲಿ ಅನೇಕ ಕಡೆ ಕ್ರಿಯಾಪದವೇ ಇರುವುದಿಲ್ಲವಾದ್ದರಿಂದ ಯಾವ ಕಾಲರೂಪ ಬಳಸಬೇಕೆಂಬ ತೀರ್ಮಾನ ಬರೆಯುವವರ ಪಾಲಿನದು. ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತನಾದ ನನ್ನ ಬಳಿಗೆ ಅವಳು ಒಂದು ಭಾನುವಾರ ಅಭ್ಯಾಸದ ಪತ್ರವೊಂದನ್ನು ತಂದಳು. ಪತ್ರದಲ್ಲಿದ್ದವರು ಮನೆಯಲ್ಲಿ ಬಿದ್ದು ಆಸ್ಪತ್ರೆ ಸೇರಿದ, ಸಕ್ಕರೆ ಕಾಯಿಲೆಯಿರುವ ಕಾಲ್ಪನಿಕ ವೃದ್ಧರೊಬ್ಬರು.

ಮೊದಲ ಸಾಲೇ ‘ದಿ ಪೇಷಂಟ್ ವಾಸ್ ಹ್ಯಾವಿಂಗ್ ಫೀವರ್’ ಎಂದಿತ್ತು. ಇಂಥ ವಾಕ್ಯಗಳನ್ನು ಕಂಡಾಗಲೆಲ್ಲ ಮಾತೃಭಾಷೆಯ ಪ್ರಭಾವವೆಂದು ಹೇಳಿ ಕೈತೊಳೆದುಕೊಳ್ಳುವುದು ನಮ್ಮ ಮೇಷ್ಟ್ರುಗಳ ವಾಡಿಕೆ. ಇದನ್ನೇ ಕನ್ನಡದಲ್ಲಿ ಹೇಗೆ ಹೇಳುತ್ತೀಯೆಂದು ಕೇಳಿದೆ. “ಜ್ವರ ಇತ್ತು ಅಂತೀವಿ, ಮಾವ” ಎಂದಳು. ‘ಇತ್ತು’ ಎಂಬುದರಲ್ಲಿ, ಕ್ರಿಯೆ ನಡೆಯುತ್ತಿದೆಯೆಂದು ಸೂಚಿಸುವ ‘ಉತ್ತ’ ಎಂಬ ಪ್ರತ್ಯಯದ ಸುಳಿವೂ ಇಲ್ಲ. ಅದನ್ನು ನೇರವಾಗಿ ಅನುಸರಿಸಿದ್ದರೂ ‘ಹ್ಯಾಡ್’ ಎಂಬ ಸಾಮಾನ್ಯ ಭೂತಕಾಲವೇ ಬರುತ್ತಿತ್ತು. ಇರುವಿಕೆ, ತಿಳಿವು, ಒಡೆತನಗಳಂಥ ಸ್ಥಿತಿಯನ್ನು ಹೇಳುವ ಕ್ರಿಯಾಪದಗಳಿಗೆ ಇಂಗ್ಲಿಷ್ ಸಾಧಾರಣವಾಗಿ ‘ಇಂಗ್’ ಹಚ್ಚುವುದಿಲ್ಲ, ಕನ್ನಡವೂ ‘ನನಗೆ ಗೊತ್ತಿತ್ತು’ ಎನ್ನುವುದೇ ಹೊರತು ಬೇರೆಯಲ್ಲ. ಹಾಗಾದರೆ ಈ ‘ವಾಸ್ ಹ್ಯಾವಿಂಗ್’ ಎಲ್ಲಿಂದ ಬಂತೆಂದರೆ, ವಾರ್ಡಿನಲ್ಲಿ ಎಲ್ಲರೂ ಹಾಗೆಯೇ ಮಾತನಾಡುತ್ತಾರಂತೆ, ಡಾಕ್ಟರುಗಳೂ ಸೇರಿ. ಒಂದೇ ಕ್ರಿಯಾಪದವನ್ನು ಹನ್ನೆರಡು ಕಾಲರೂಪಗಳಲ್ಲಿ ಬಾಯಿಪಾಠ ಮಾಡಿಸುವ ನಮ್ಮ ಶಾಲೆಯ ಕೋಷ್ಟಕಕ್ಕೂ ಇದರಲ್ಲಿ ಪಾಲಿದೆ ಎಂಬುದು ನನ್ನ ಗುಮಾನಿ, ಏಕೆಂದರೆ ಎಲ್ಲ ಕ್ರಿಯಾಪದಗಳೂ ಎಲ್ಲ ಮನೆಗಳಲ್ಲೂ ಕೂರುತ್ತವೆಂಬ ನಂಬಿಕೆಯನ್ನು ಅದು ಹುಟ್ಟಿಸಿಬಿಡುತ್ತದೆ.

ಕನ್ನಡದ ಕೈವಾಡ ನಿಜವಾಗಿಯೂ ಕಂಡದ್ದು ಮುಂದಿನ ವಾಕ್ಯದಲ್ಲಿ. ಆ ವೃದ್ಧರು ಹಿಂದೆ ದಿನಕ್ಕೆ ಹತ್ತು ಸಿಗರೇಟು ಸೇದಿ, ಹಲವು ವರ್ಷಗಳ ಕೆಳಗೆ ಬಿಟ್ಟವರು. ಅವಳು ‘ಹೀ ವಾಸ್ ಸ್ಮೋಕಿಂಗ್ ಟೆನ್ ಸಿಗರೆಟ್ಸ್ ಎ ಡೇ’ ಎಂದು ಬರೆದಿದ್ದಳು. ಕನ್ನಡದ ‘ಸೇದುತ್ತಿದ್ದರು’ ಎಂಬ ರೂಪ ಎರಡು ಕೆಲಸಗಳನ್ನು ಒಟ್ಟಿಗೆ ಮಾಡುತ್ತದೆ: ‘ನಾನು ಒಳಗೆ ಹೋದಾಗ ಸೇದುತ್ತಿದ್ದರು’ ಎಂದರೆ ಆ ಕ್ಷಣದ ಕ್ರಿಯೆ, ‘ವಯಸ್ಸಿನಲ್ಲಿ ಸೇದುತ್ತಿದ್ದರು’ ಎಂದರೆ ರೂಢಿ. ಯಾವುದೆಂಬುದನ್ನು ಉಳಿದ ಮಾತುಗಳಿಂದ ನಾವು ಗ್ರಹಿಸುತ್ತೇವೆ, ಗೊಂದಲವೇನೂ ಆಗುವುದಿಲ್ಲ. ಇಂಗ್ಲಿಷಿನಲ್ಲಿ ಮೊದಲನೆಯದಕ್ಕೆ ‘ವಾಸ್ ಸ್ಮೋಕಿಂಗ್’. ಮುಗಿದುಹೋದ ರೂಢಿಗೆ ‘ಸ್ಮೋಕ್ಡ್’ ಅಥವಾ ‘ಯೂಸ್ಡ್ ಟು ಸ್ಮೋಕ್’.

ಅವಳು ಕೂಡಲೇ ಕೆಳಗಿನ ಸಾಲಿನ ಮೇಲೆ ಬೆರಳಿಟ್ಟು, “ಹಾಗಾದ್ರೆ ಮಾತ್ರೆ ನುಂಗೋದೂ ರೂಢಿನೇ ಅಲ್ವಾ ಮಾವ, ಇದೂ ತಪ್ಪಾ?” ಎಂದು ಕೇಳಿದಳು. ‘ಆನ್ ಅಡ್ಮಿಷನ್, ಹೀ ವಾಸ್ ಟೇಕಿಂಗ್ ಮೆಟ್‌ಫಾರ್ಮಿನ್’ ಎಂಬುದು ಆ ಸಾಲು; ಮೆಟ್‌ಫಾರ್ಮಿನ್ ಅಂದರೆ ಸಕ್ಕರೆ ಕಾಯಿಲೆಯ ಮಾತ್ರೆ. ಇದು ತಪ್ಪಲ್ಲ, ಬಲು ಸರಿಯಾದ ಬಳಕೆ. ‘ಮುಗಿದದ್ದಕ್ಕೆ ಸಿಂಪಲ್, ನಡೆಯುತ್ತಿದ್ದದ್ದಕ್ಕೆ ಕಂಟಿನ್ಯುಯಸ್’ ಎಂದು ತರಗತಿಯಲ್ಲಿ ನಾವು ಹೇಳಿಕೊಡುವ ಸೂತ್ರದಿಂದ ಇದನ್ನು ಬಿಡಿಸಲು ಬಾರದು. ಆಸ್ಪತ್ರೆಗೆ ಸೇರಿದ ಗಳಿಗೆಯನ್ನು ಒಂದು ಗೂಟದಂತೆ ನೆಟ್ಟು ನೋಡಿದರೆ, ಮಾತ್ರೆಯ ಕ್ರಮ ಅದರ ಹಿಂದಿನಿಂದ ಬಂದು, ಆ ಗಳಿಗೆಯಲ್ಲೂ ಜಾರಿಯಲ್ಲಿತ್ತು. ‘ಟುಕ್’ ಎಂದು ಬರೆದಿದ್ದರೆ ಬಂದ ಕೂಡಲೇ ಒಂದು ಮಾತ್ರೆ ನುಂಗಿದರೆಂಬ ಅರ್ಥ ಹೊರಡುವ ಸಾಧ್ಯತೆಯಿತ್ತು. ಸಿಗರೇಟನ್ನೂ ಅವರು ಆಸ್ಪತ್ರೆ ಸೇರುವ ಹೊತ್ತಿಗೆ ಬಿಟ್ಟಿರದಿದ್ದರೆ, ಆ ಗೂಟಕ್ಕೆ ಕಟ್ಟಿ ‘ವಾಸ್ ಸ್ಮೋಕಿಂಗ್’ ಎನ್ನಲು ಅಡ್ಡಿಯಿರಲಿಲ್ಲ. ರೂಢಿಯೋ ಕ್ರಿಯೆಯೋ ಎಂಬುದಷ್ಟನ್ನೇ ನೋಡಿದರೆ ಸಾಲದು, ಯಾವ ಗಳಿಗೆಯಿಂದ ನೋಡುತ್ತಿದ್ದೇವೆ ಎಂಬುದೂ ಬೇಕು.

ಪತ್ರದ ಮುಖ್ಯ ಘಟನೆಯಾದ ಬೀಳುವ ಪ್ರಸಂಗದಲ್ಲಿ ಎರಡೂ ರೂಪಗಳು ಅದಲುಬದಲಾಗಿದ್ದವು: ‘ವೆನ್ ಹೀ ವಾಕ್ಡ್ ಟು ದಿ ಬಾತ್‌ರೂಮ್, ಹೀ ವಾಸ್ ಫಾಲಿಂಗ್.’ ಇದನ್ನು ಓದುವ ಇಂಗ್ಲಿಷ್ ನರ್ಸ್, ಈತ ಬಾತ್‌ರೂಮಿಗೆ ಹೊರಟಾಗಲೆಲ್ಲ ಬೀಳುವವರೇನೋ ಎಂದು ಭಾವಿಸಿದರೆ ತಪ್ಪಿಲ್ಲ. ಒಮ್ಮೆ ಬಿದ್ದವರಿಗೂ ಪದೇ ಪದೇ ಬೀಳುವವರಿಗೂ ಆರೈಕೆಯ ಯೋಜನೆ ಬೇರೆಯೆಂಬುದನ್ನು ನನಗೆ ವಿವರಿಸಿದವಳು ಅವಳೇ. ಕನ್ನಡದಲ್ಲಿ ‘ನಡೆದುಹೋಗುತ್ತಿದ್ದಾಗ ಬಿದ್ದರು’ ಎಂದು ಯೋಚಿಸಿದ್ದರೆ ‘ವಾಸ್ ವಾಕಿಂಗ್’, ‘ಫೆಲ್’ ಎಂಬ ಜೋಡಿ ತಾನಾಗಿಯೇ ಸಿಗುತ್ತಿತ್ತು. ಮುಂದಿನ ವಾಕ್ಯದಲ್ಲಿ, ಅವರು ಬಿದ್ದಾಗ ಹೆಂಡತಿ ಆಂಬುಲೆನ್ಸಿಗೆ ‘ವಾಸ್ ಕಾಲಿಂಗ್’ ಎಂದಿತ್ತು. ಗಂಡ ಬೀಳುವುದಕ್ಕೆ ಮುಂಚೆಯೇ ಆಕೆ ಫೋನು ಹಿಡಿದಿದ್ದರೆಂದಾಯಿತಲ್ಲ ಎಂದಾಗ ಅವಳಿಗೆ ನಗು ತಡೆಯಲಾಗಲಿಲ್ಲ. ಬಿದ್ದರು, ಆಮೇಲೆ ಕರೆದರು ಎಂಬ ಸರಣಿಯಾದ್ದರಿಂದ ಇಲ್ಲಿ ಎರಡೂ ಸಾಮಾನ್ಯ ಭೂತಕಾಲದಲ್ಲೇ ಇರಬೇಕು.

ಅಷ್ಟರಲ್ಲಿ ನನ್ನ ಹೆಂಡತಿ ಅಡುಗೆಮನೆಯಿಂದ ಕಾಫಿಗೆ ಕೂಗಿದಳು. “ಬಂದೆ ಅತ್ತೆ” ಎಂದ ಹುಡುಗಿ ಕುರ್ಚಿಯಿಂದ ಅಲುಗಾಡಲೇ ಇಲ್ಲ. ಇನ್ನೂ ಏಳದವಳು ಭೂತಕಾಲದಲ್ಲಿ ಉತ್ತರ ಕೊಡುವ ಈ ಸೌಲಭ್ಯ ಇಂಗ್ಲಿಷಿನವರಿಗಿಲ್ಲ. ಅವರು ಅಲ್ಲಿ ‘ಕಮಿಂಗ್’ ಎನ್ನುತ್ತಾರೆ.

ಕಾಫಿಯ ನಂತರ ಪತ್ರವನ್ನು ಮತ್ತೆ ಬರೆದಳು. ಕೊನೆಯಲ್ಲಿ ಒಂದೇ ಒಂದು ವಾಕ್ಯ ಚರ್ಚೆಗೆ ಉಳಿಯಿತು. ಬಿಡುಗಡೆಯ ದಿನ ರೋಗಿಗೆ ಹಾಯೆನಿಸಿತ್ತೆಂಬುದಕ್ಕೆ ಅವಳು ‘ವಾಸ್ ಫೀಲಿಂಗ್ ಬೆಟರ್’ ಎಂದಿದ್ದಳು. ಔಪಚಾರಿಕ ಪತ್ರಕ್ಕೆ ‘ಫೆಲ್ಟ್’ ಹೆಚ್ಚು ಒಪ್ಪುತ್ತದೆಂದು ನಾನೆಂದೆ. ಆದರೆ ಈ ಅರ್ಥದಲ್ಲಿ ಆ ಕ್ರಿಯಾಪದಕ್ಕೆ ಎರಡು ರೂಪಗಳೂ ಸಲ್ಲುತ್ತವೆಂದು ನಾನೇ ಹೇಳಬೇಕಾಯಿತು. ಅಷ್ಟು ಸಾಕಾಗಿ, ಅವಳು ತನ್ನದನ್ನೇ ಉಳಿಸಿಕೊಂಡು, ಪೆನ್ನಿನ ಮುಚ್ಚಳ ಹಾಕಿ ಮುಂದಿನ ಟಿಪ್ಪಣಿಯ ಹಾಳೆಯನ್ನು ತೆಗೆದಳು.