ಮಳೆಗಾಲದಲ್ಲಿ ಬೈಕ್ ಸ್ಟಾರ್ಟ್ ಆಗ್ಲಿಲ್ವಾ? ಮೊದ್ಲು ಪ್ಲಗ್ ಬಿಚ್ಚಿ ನೋಡಿ

ಜೂನ್ ಬಂತು ಅಂದ್ರೆ ನಮ್ಮ ತೀರ್ಥಹಳ್ಳಿ ಕಡೆ ಬೆಳಿಗ್ಗೆ ಬೆಳಿಗ್ಗೆ ಕಿಕ್ ಹೊಡೆಯೋ ಸದ್ದು ಕೇಳ್ತಾನೇ ಇರುತ್ತೆ. ರಾತ್ರಿಯೆಲ್ಲ ಮಳೆಲಿ ನಿಂತ ಬೈಕು ಸ್ಟಾರ್ಟ್ ಆಗಲ್ಲ, ಸೆಲ್ಫ್ ಒತ್ತಿ ಒತ್ತಿ ಬ್ಯಾಟ್ರಿನೂ ಇಳಿದೋಗುತ್ತೆ, ಆಮೇಲೆ ಆ ಕೆಸರಲ್ಲಿ ಗ್ಯಾರೇಜ್ ತನಕ ತಳ್ಕೊಂಡು ಹೋಗ್ಬೇಕು. ನಂಗೆ ಇದು ನೋಡಿದ್ರೆ ನಿಜವಾಗ್ಲೂ ಬೇಜಾರಾಗುತ್ತೆ, ಯಾಕಂದ್ರೆ ಇಂಥ ಕೇಸಲ್ಲಿ ಎಷ್ಟೋ ಸಲ ಬೈಕ್ ಜೊತೆ ಬಂದಿರೋ ಆ ಪ್ಲಗ್ (ಇಂಜಿನ್ ಒಳಗೆ ಕಿಡಿ ಹೊಡೆಯೋ ಸ್ಪಾರ್ಕ್ ಪ್ಲಗ್) ಬಿಚ್ಚೋ ಸ್ಪ್ಯಾನರ್ ಒಂದಿದ್ರೆ ಮನೇಲೇ ಮುಗಿಯೋ ಕೆಲ್ಸ ಇದು.

ಮೊದ್ಲು ಕಿಲ್ ಸ್ವಿಚ್ (ಹ್ಯಾಂಡಲ್ ಮೇಲಿರೋ ಇಂಜಿನ್ ಆಫ್ ಮಾಡೋ ಸ್ವಿಚ್) ನೋಡಿ, ಹೊಸ ಬೈಕಾದ್ರೆ ಸೈಡ್ ಸ್ಟ್ಯಾಂಡ್ ಎತ್ತಿದೀರಾ ನೋಡಿ, ಪೆಟ್ರೋಲ್ ಇದ್ಯಾ ನೋಡಿ. ಇಷ್ಟೂ ಸರಿ ಇದ್ರೆ ಪ್ಲಗ್ ಕ್ಯಾಪ್, ಅಂದ್ರೆ ಪ್ಲಗ್ ಮೇಲೆ ಕೂತಿರೋ ವೈರಿನ ತುದಿ ಎಳೀರಿ. ಮಳೆಗಾಲದಲ್ಲಿ ಅರ್ಧ ತೊಂದ್ರೆ ಇಲ್ಲೇ ಇರುತ್ತೆ, ಕ್ಯಾಪ್ ಒಳಗೆ ನೀರು ಹೋಗಿ ಕರೆಂಟು ಪ್ಲಗ್ಗಿಗೆ ಹೋಗದೆ ಇಂಜಿನ್ ಬಾಡಿ ಕಡೆ ಹಾರುತ್ತೆ. ಒಣ ಬಟ್ಟೆಲಿ ಚೆನ್ನಾಗಿ ಒರೆಸಿ.

ಆಮೇಲೆ ಪ್ಲಗ್ ಬಿಚ್ಚಿ ಅದ್ರ ಮೂತಿ ನೋಡಿ, ಇಂಜಿನ್ ಕಥೆಯೆಲ್ಲ ಅಲ್ಲೇ ಇರುತ್ತೆ. ತಿಳಿ ಕಂದು ಬಣ್ಣ ಇದ್ರೆ ಆರಾಮ. ಒಣ ಕಪ್ಪು ಮಸಿ ಇದ್ರೆ ಪೆಟ್ರೋಲ್ ಜಾಸ್ತಿ ಹೋಗ್ತಿದೆ ಅಥವಾ ಏರ್ ಫಿಲ್ಟರ್ ಕಟ್ಕೊಂಡಿದೆ. ಜಿಡ್ಡು ಜಿಡ್ಡು ಆಯಿಲ್ ಇದ್ರೆ ಪಿಸ್ಟನ್ ರಿಂಗೋ ವಾಲ್ವ್ ಸೀಲೋ ಹೋಗಿರ್ಬೇಕು, ಅದು ಮಾತ್ರ ಮೆಕ್ಯಾನಿಕ್ ಕೆಲ್ಸ. ಬರೀ ಪೆಟ್ರೋಲಲ್ಲಿ ಒದ್ದೆಯಾಗಿದ್ರೆ ಓವರ್‌ಫ್ಲೋ ಆಗಿದೆ ಅಂತ, ಪ್ಲಗ್ ಒಣಗಿಸಿ, ಚೋಕ್ ಆಫ್ ಮಾಡಿ, ಕೀ ಆಫ್ ಇಟ್ಟು, ಆಕ್ಸಿಲರೇಟರ್ ಪೂರ್ತಿ ತಿರುಗಿಸಿ ನಾಲ್ಕೈದು ಕಿಕ್ ಹೊಡೀರಿ, ಒಳಗಿನ ಪೆಟ್ರೋಲೆಲ್ಲ ಹೊರಗೆ ಬರುತ್ತೆ.

ಕರೆಂಟ್ ನೋಡೋಕೆ ಪ್ಲಗ್ಗನ್ನ ಕ್ಯಾಪ್‌ಗೆ ಸಿಗಿಸಿ ಅದ್ರ ಥ್ರೆಡ್ ಇಂಜಿನ್ ಲೋಹಕ್ಕೆ ಗಟ್ಟಿಯಾಗಿ ತಾಗೋ ಹಾಗೆ ಇಟ್ಟು, ಕೀ ಆನ್ ಮಾಡಿ ಕಿಕ್ ಹೊಡೀಬೇಕು, ಆದ್ರೆ ಪ್ಲಗ್ ತೂತಿನಿಂದ ದೂರ ಇಡಿ, ಅಲ್ಲಿಂದ ಪೆಟ್ರೋಲ್ ಆವಿ ಬರ್ತಿರುತ್ತೆ. ನೀಲಿ ಕಿಡಿ ಚಟ್ ಚಟ್ ಅಂದ್ರೆ ಸರಿ. ವಾಪಸ್ ಹಾಕುವಾಗ ಮೊದ್ಲು ಬೆರಳಲ್ಲೇ ತಿರುಗಿಸಿ, ಪೂರ್ತಿ ಕೂತ ಮೇಲೆ ಹೊಸ ಪ್ಲಗ್ಗಾದ್ರೆ ಸ್ಪ್ಯಾನರಲ್ಲಿ ಅರ್ಧ ಸುತ್ತು, ಹಳೇದಾದ್ರೆ ಇನ್ನೂ ಕಮ್ಮಿ. ಪ್ಲಗ್ ಕೂರೋ ಇಂಜಿನ್ ಹೆಡ್ ಅಲ್ಯೂಮಿನಿಯಂದು, ಶಕ್ತಿ ಹಾಕಿದ್ರೆ ಥ್ರೆಡ್ ಹೋಗುತ್ತೆ, ಆಮೇಲೆ ಖರ್ಚು ದೊಡ್ಡದು.

ಕರೆಂಟ್ ಇದ್ದೂ ಸ್ಟಾರ್ಟ್ ಆಗ್ಲಿಲ್ಲ ಅಂದ್ರೆ ಪೆಟ್ರೋಲಲ್ಲಿ ನೀರಿರ್ಬಹುದು. ಈಗ ಬರೋದು ಇ20, ಅಂದ್ರೆ 20 ಪರ್ಸೆಂಟ್ ಎಥನಾಲ್ (2023ರಲ್ಲಿ ಬೆಂಗಳೂರಲ್ಲೇ ಚಾಲನೆ ಕೊಟ್ಟಿದ್ದು), ಎಥನಾಲ್ ನೀರನ್ನ ಎಳ್ಕೊಳ್ಳುತ್ತೆ, ಜಾಸ್ತಿಯಾದ್ರೆ ಎರಡೂ ಸೇರಿ ಬೇರೆಯಾಗಿ ತಳಕ್ಕೆ ಇಳಿಯುತ್ತೆ. ಕಾರ್ಬರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್‌ಗೆ ಕಳಿಸೋದು) ಇರೋ ಬೈಕಾದ್ರೆ ಅದ್ರ ಕೆಳಗಿನ ಡ್ರೈನ್ ಸ್ಕ್ರೂ ಸಡಿಲ ಮಾಡಿ ಒಂದು ಸಣ್ಣ ಗಾಜಿನ ಬಾಟ್ಲಿಗೆ ಹಿಡಿದ್ರೆ ಕಣ್ಣಿಗೇ ಕಾಣುತ್ತೆ. ಮಳೆಗಾಲದಲ್ಲಿ ಟ್ಯಾಂಕ್ ತುಂಬಿಸಿಟ್ಟಷ್ಟೂ ಒಳ್ಳೇದು, ಖಾಲಿ ಜಾಗ ಇದ್ರೆ ಒಳಗೆ ತೇವ ಕೂರುತ್ತೆ.

2020ರ ಏಪ್ರಿಲ್ ಆದ್ಮೇಲಿನ ಬಿಎಸ್6 (ಹೊಗೆ ಕಮ್ಮಿ ಮಾಡೋ ಸರ್ಕಾರಿ ನಿಯಮದ) ಬೈಕುಗಳಲ್ಲಿ ಬಹುತೇಕ ಕಾರ್ಬರೇಟರ್ ಬದ್ಲು ಫ್ಯೂಯೆಲ್ ಇಂಜೆಕ್ಷನ್, ಅಂದ್ರೆ ಪಂಪಿಂದ ಪೆಟ್ರೋಲ್ ಚಿಮ್ಮಿಸೋದು. ಕೀ ಆನ್ ಮಾಡಿ ಕಿವಿ ಕೊಡಿ, ಪಂಪು ಒಂದೆರಡು ಸೆಕೆಂಡ್ ಝೂಂ ಅನ್ಬೇಕು. ಸದ್ದೇ ಇಲ್ಲ ಅಂದ್ರೆ ಫ್ಯೂಸ್ ನೋಡಿ, ಬ್ಯಾಟ್ರಿ ನೋಡಿ. ಬ್ಯಾಟ್ರಿ ಪೂರ್ತಿ ಸತ್ತಿದ್ರೆ ಇವುಗಳನ್ನ ಎಷ್ಟು ಕಿಕ್ ಹೊಡೆದ್ರೂ ಕಷ್ಟ, ಪಂಪಿಗೇ ಕರೆಂಟ್ ಬೇಕಲ್ಲ.

ಏರ್ ಫಿಲ್ಟರ್ ಬಗ್ಗೆ ಒಂದ್ಮಾತು, ಎಣ್ಣೆ ಹಚ್ಚಿರೋ ಪೇಪರ್ ಫಿಲ್ಟರನ್ನ ಪೆಟ್ರೋಲಲ್ಲಿ ತೊಳೀಬೇಡಿ, ಗಾಳಿ ಹೊಡೀಬೇಡಿ, ಕೊಳೆಯಾದ್ರೆ ಬದಲಾಯಿಸೋದೇ. ಹಾಗೇ ಒಂದು ಹೊಸ ಪ್ಲಗ್ ತಂದು ಸ್ಪ್ಯಾನರ್ ಜೊತೆ ಪ್ಲಾಸ್ಟಿಕ್ ಕವರಲ್ಲಿ ಸುತ್ತಿ ಸೀಟ್ ಕೆಳಗೆ ಇಟ್ಕೊಂಡಿರಿ, ತಗೊಳ್ಳುವಾಗ ಹಳೇ ಪ್ಲಗ್ ಮೇಲಿರೋ ನಂಬರನ್ನೇ ಅಂಗಡೀಲಿ ತೋರ್ಸಿ.