ಕೊಕ್ಕರೆ ಬೆಳ್ಳೂರಿಗೆ ಹೊರಟಿದ್ದರೆ ಟೋಪಿ ಇರಲಿ

ಶಿವರಾತ್ರಿ ಕಳೆದು ಯುಗಾದಿ ಬರುವುದರೊಳಗೆ ಮದ್ದೂರು ತಾಲ್ಲೂಕಿನ ಹಕ್ಕಿಗಳ ಊರು ಕೊಕ್ಕರೆ ಬೆಳ್ಳೂರಿಗೆ ಹೋಗಿಬನ್ನಿ. ಬೆಂಗಳೂರಿನಿಂದ ಮೈಸೂರು ಹೆದ್ದಾರಿಯಲ್ಲಿ ಸುಮಾರು 80 ಕಿ.ಮೀ. ದೂರ. ಚನ್ನಪಟ್ಟಣ ದಾಟಿದೊಡನೆ ಸರ್ವಿಸ್ ರಸ್ತೆಗೆ ಇಳಿದುಬಿಡಿ, ಇಲ್ಲದಿದ್ದರೆ ರುದ್ರಾಕ್ಷಿಪುರದ ಎಡ ತಿರುವು ಕೈತಪ್ಪುತ್ತದೆ. ಬೈಕಿನವರಿಗೆ ಹೇಗೂ ಹೆದ್ದಾರಿಯ ಮುಖ್ಯ ಪಥದಲ್ಲಿ ಪ್ರವೇಶವಿಲ್ಲ.

ಬೆಳಿಗ್ಗೆ ಏಳಕ್ಕೆ ಊರಲ್ಲಿರಬೇಕು. ಇಲ್ಲಿ ಬೇಲಿಯಿಲ್ಲ, ದೋಣಿಯಿಲ್ಲ; ಮನೆಗಳ ನಡುವಿನ ಹುಣಸೆ ಮರಗಳ ಮೇಲೆಯೇ ಹೆಜ್ಜಾರ್ಲೆಗಳ (ಪೆಲಿಕನ್) ಸಂಸಾರ. ಮರಿ ತಾಯಿಯ ಗಂಟಲ ಚೀಲದೊಳಗೆ ತಲೆಯನ್ನೇ ತೂರಿಸಿ, ರೆಕ್ಕೆ ಬಡಿಯುತ್ತಾ ಮೀನು ಕಿತ್ತುಕೊಳ್ಳುತ್ತದೆ. ನೋಡಿದರೆ ತಾಯಿ ಉಣಿಸುತ್ತಿದೆ ಎನ್ನುವುದಕ್ಕಿಂತ ಮರಿಯನ್ನೇ ನುಂಗುತ್ತಿದೆ ಎನಿಸುತ್ತದೆ. ಬಣ್ಣದ ಕೊಕ್ಕರೆಗಳ ಬಾಲದ ಬಳಿಯ ಗುಲಾಬಿ ಗರಿ ಎಳೆಬಿಸಿಲಿನಲ್ಲಿ ಎದ್ದು ಕಾಣುತ್ತದೆ. ಮೀನಿನ ವಾಸನೆ ಮಾತ್ರ ಗಾಢ, ಮೇಲಿನಿಂದ ಹಿಕ್ಕೆ ಬೀಳುವುದಕ್ಕೆ ಹೊತ್ತುಗೊತ್ತಿಲ್ಲ. ಊರಿನವರಿಗೆ ಅದೇ ಗೊಬ್ಬರ. ಕೆರೆಯ ಗೋಡಿನೊಂದಿಗೆ ಬೆರೆಸಿ ಹೊಲಕ್ಕೆ ಹಾಕುತ್ತಾರೆ. 2007ರಲ್ಲಿ ಇದು ಸಮುದಾಯ ಮೀಸಲು ಪ್ರದೇಶವಾಯಿತು, ಆದರೆ ಹಕ್ಕಿಗಳನ್ನು ಕಾಯುವ ಪದ್ಧತಿ ಅದಕ್ಕಿಂತ ಎಷ್ಟೋ ಹಳೆಯದು. ಯಾರದೋ ಜಗಲಿ ಹತ್ತುವ ಮುನ್ನ ಒಂದು ಮಾತು ಕೇಳಿ. ಡ್ರೋನ್ ಮನೆಯಲ್ಲೇ ಇರಲಿ.

ಬಿಸಿಲು ಏರಿದ ಮೇಲೆ ಶಿಂಷಾ ನದಿಯ ಕಡೆ ನಡೆಯಿರಿ. ಚಿಟ್ಟೆಗಳು ಮೈ ಬೆಚ್ಚಗಾಗದೆ ಹಾರುವುದಿಲ್ಲ. ಒಂಬತ್ತರಿಂದ ಹನ್ನೊಂದು ಒಳ್ಳೆಯ ಹೊತ್ತು. ದಾರಿಬದಿಯ ಎಕ್ಕದ ಗಿಡವೊಂದರ ಬಳಿ ಕೂತರೆ ಸಾಕು. ಕಿತ್ತಳೆ ಬಣ್ಣದ, ರೆಕ್ಕೆಯ ತುದಿ ಕಪ್ಪಾದ ಪ್ಲೇನ್ ಟೈಗರ್ ಎಲೆಯಿಂದ ಎಲೆಗೆ ಹೋಗಿ, ಹೊಟ್ಟೆಯನ್ನು ಬಾಗಿಸಿ, ಒಂದೊಂದೇ ಮೊಟ್ಟೆ ಅಂಟಿಸುತ್ತದೆ. ಎಕ್ಕದ ಹಾಲಿನ ವಿಷ ಹುಳುವಿನ ಮೈಸೇರಿ ಚಿಟ್ಟೆಯಾದ ಮೇಲೂ ಉಳಿಯುವುದರಿಂದ ಹಕ್ಕಿಗಳು ಇದರ ತಂಟೆಗೆ ಬರುವುದು ಕಡಿಮೆ. ಅದಕ್ಕೇ ಅಷ್ಟು ನಿಧಾನದ ಹಾರಾಟ. ಒದ್ದೆ ಮರಳಿನಲ್ಲಿ ಗುಂಪಾಗಿ ಕೂತು ಲವಣ ಹೀರುವ ಚಿಟ್ಟೆಗಳನ್ನು ಎಬ್ಬಿಸಬೇಡಿ. ದೂರದಿಂದಲೇ ಚಿತ್ರ ತೆಗೆಯಿರಿ.

ಹಾವು ಹುಡುಕಲು ಹೋಗಬಾರದು, ಕಂಡರೆ ನೋಡಬೇಕು. ನಾವು ಹೋದಾಗ ಗದ್ದೆಯ ಬದುವಿನಲ್ಲಿ ಎರಡು ಕೇರೆಗಳು ಹೆಣೆದುಕೊಂಡು ಮೊಳದೆತ್ತರ ಎದ್ದು ಬೀಳುತ್ತಿದ್ದವು. ಜನ ಇದನ್ನು ಹಾವಿನ ಸರಸ ಎಂದು ಕೈಮುಗಿಯುತ್ತಾರೆ. ಸಾಮಾನ್ಯವಾಗಿ ಅದು ಎರಡು ಗಂಡುಗಳ ಕುಸ್ತಿ. ಒಂದು ಇನ್ನೊಂದರ ತಲೆಯನ್ನು ನೆಲಕ್ಕೆ ಒತ್ತುವುದಷ್ಟೇ ಗುರಿ, ಕಚ್ಚಾಟವಿಲ್ಲ. ನಾವು ಹತ್ತು ಮಾರು ದೂರ ನಿಂತೆವು, ಅವು ನಮ್ಮತ್ತ ತಿರುಗಿಯೂ ನೋಡಲಿಲ್ಲ.

ಅದೇ ಬದುಗಳಲ್ಲಿ ಕೊಳಕುಮಂಡಲವೂ ಇರುತ್ತದೆ. ಚಪ್ಪಲಿಯ ಬದಲು ಹಿಮ್ಮಡಿಗಂಟು ಮುಚ್ಚುವ ಬೂಟು ಹಾಕಿ, ತರಗೆಲೆಯ ಮೇಲೆ ಕಣ್ಣಿಟ್ಟು ನಡೆಯಿರಿ, ಕಲ್ಲಿನ ಸಂದಿಗೆ ಕೈ ಹಾಕಬೇಡಿ. ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ನಾಟಿ ಮದ್ದು ಯಾವುದೂ ಬೇಡ. ಕೈಕಾಲು ಅಲುಗಾಡಿಸದೆ ನೇರ ಮದ್ದೂರಿನ ಸರ್ಕಾರಿ ಆಸ್ಪತ್ರೆಗೆ ಹೊರಡಿ. ಏನೂ ಆಗದಿದ್ದರೂ ಮದ್ದೂರಿಗೆ ಹೋಗಿ, ವಡೆ ತಿನ್ನಲು.